ಪ್ರತಿ ಕ್ಲಾಸಿಗೂ ಒಂದು ಇಂಟರ್‌ಫೇಸ್ ಬೇಕಂತೆ. ಡಿಪೆಂಡೆನ್ಸಿ ಇನ್ವರ್ಷನ್ ಅಂದ್ರೆ ಇದೇನಾ?

ಅರ್ಧವಿರಾಮ · ಸೋಮವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಹೊಸ ಟೀಮಿಗೆ ಸೇರಿ ಎರಡು ತಿಂಗಳಾಯಿತು, ಜಾವಾ ಪ್ರಾಜೆಕ್ಟ್. ಇಲ್ಲಿ ಒಂದು ಕಟ್ಟಪ್ಪಣೆ ಇದೆ. ಯಾವ ಕ್ಲಾಸ್ ಬರೆದರೂ ಮೊದಲು ಅದಕ್ಕೊಂದು ಇಂಟರ್‌ಫೇಸ್ ಬರೆಯಬೇಕು, ಅಂದರೆ ಯಾವ ಯಾವ ಮೆಥಡ್ ಇರುತ್ತವೆ ಅನ್ನೋ ಪಟ್ಟಿ ಮಾತ್ರ, ಒಳಗಿನ ಕೋಡ್ ಇಲ್ಲ. ಇನ್‌ವಾಯ್ಸ್‌ಸರ್ವಿಸ್ ಅಂತ ಇಂಟರ್‌ಫೇಸ್, ಇನ್‌ವಾಯ್ಸ್‌ಸರ್ವಿಸ್‌ಇಂಪ್ಲ್ ಅಂತ ಅದನ್ನು ಇಂಪ್ಲಿಮೆಂಟ್ ಮಾಡುವ, ಅಂದರೆ ನಿಜವಾದ ಕೋಡ್ ಇರುವ, ಕ್ಲಾಸ್. ಎರಡೂ ಒಂದೇ ಪ್ಯಾಕೇಜಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ನಿನ್ನೆ ಕೂತು ಎಣಿಸಿದೆ. ಒಟ್ಟು 41 ಇಂಟರ್‌ಫೇಸ್, ಅದರಲ್ಲಿ 38ಕ್ಕೆ ಇರುವುದು ಒಂದೇ ಒಂದು ಇಂಪ್ಲ್.

ಹೋದ ವಾರ ತೆರಿಗೆ ಲೆಕ್ಕ ಹಾಕುವ ಪುಟ್ಟ ಕ್ಲಾಸ್ ಬರೆದೆ. ಮೊತ್ತ, ದರ ಎರಡನ್ನೂ ತಗೊಂಡು ತೆರಿಗೆ ಎಷ್ಟು ಅಂತ ಹೇಳುತ್ತದೆ, ಅಷ್ಟೇ. ರಿವ್ಯೂನಲ್ಲಿ ನಮ್ಮ ಲೀಡ್ ಕಾಮೆಂಟ್ ಹಾಕಿದರು: "ಇಂಟರ್‌ಫೇಸ್ ಎಲ್ಲಿ? ಡಿಐಪಿ ಓದಿಲ್ವಾ?" ಡಿಐಪಿ ಅಂದರೆ ಡಿಪೆಂಡೆನ್ಸಿ ಇನ್ವರ್ಷನ್ ಪ್ರಿನ್ಸಿಪಲ್, ಓದಿದ್ದೇನೆ. ಮೇಲಿನ ಹಂತದ ಮಾಡ್ಯೂಲ್ ಕೆಳಗಿನ ಹಂತದ ಮಾಡ್ಯೂಲ್ ಮೇಲೆ ಅವಲಂಬಿಸಬಾರದು, ಎರಡೂ ಅಬ್‌ಸ್ಟ್ರಾಕ್ಷನ್ (ಇಂಟರ್‌ಫೇಸಿನಂಥ, ವಿವರ ಬಿಟ್ಟ ರೂಪ) ಮೇಲೆ ಅವಲಂಬಿಸಬೇಕು ಅಂತ ಇದೆ. ಆದರೆ ನಮ್ಮ ಕೋಡಿನಲ್ಲಿ ಏನು ತಲೆಕೆಳಗಾಗಿದೆ ಅಂತ ಎಷ್ಟು ನೋಡಿದರೂ ಗೊತ್ತಾಗ್ತಿಲ್ಲ. ತಿಳಿದವರು ಹೇಳಿ.

ನಲ್‌ಪಾಯಿಂಟರ್ · 10:20

ತಲೆಕೆಳಗಾಗಿರುವುದು ನಿಮ್ಮ ತಲೆ ಮಾತ್ರ ಗುರು. ನಮ್ಮಲ್ಲೂ ಇದೇ ಕಥೆ. ಮೆಥಡ್ ಮೇಲೆ ಕ್ಲಿಕ್ ಮಾಡಿದರೆ ಇಂಟರ್‌ಫೇಸಿಗೆ ಹೋಗುತ್ತದೆ. ಅಲ್ಲಿಂದ ಇಂಪ್ಲ್ ಹುಡುಕಿಕೊಂಡು ಹೋಗಬೇಕು. ದಿನಕ್ಕೆ ನೂರು ಸಲ.

ಹಳೇಹೆಡರ್ · 10:47

ನಿಮ್ಮ ಲೀಡ್ ಹೇಳಿದ ತತ್ವ ಸರಿ, ಮಾಡಿಸುತ್ತಿರುವ ಕೆಲಸ ಬೇರೆ. ಇದರ ಹಿನ್ನೆಲೆ ಸ್ವಲ್ಪ ಹೇಳ್ತೀನಿ, ನಾನು ಸಿ++ ಕಾಲದವನು.

1996ರಲ್ಲಿ ರಾಬರ್ಟ್ ಸಿ. ಮಾರ್ಟಿನ್ ಇದರ ಬಗ್ಗೆ ಸಿ++ ರಿಪೋರ್ಟ್ ಅನ್ನೋ ಪತ್ರಿಕೆಯಲ್ಲಿ ಬರೆದರು. ಅದರ ಉದಾಹರಣೆ ತುಂಬಾ ಸರಳ. ಕೀಬೋರ್ಡಿನಿಂದ ಅಕ್ಷರ ಓದಿ ಪ್ರಿಂಟರಿಗೆ ಕಳಿಸುವ ಕಾಪಿ ಪ್ರೋಗ್ರಾಂ. ಕಾಪಿ ಅನ್ನೋದು ಮೇಲಿನ ಕೆಲಸ. ಕೀಬೋರ್ಡ್ ಓದೋದು, ಪ್ರಿಂಟರಿಗೆ ಬರೆಯೋದು ಕೆಳಗಿನ ಕೆಲಸ. ನಾಳೆ ಡಿಸ್ಕಿಗೂ ಬರೆಯಬೇಕು ಅಂದರೆ ಕಾಪಿ ಒಳಗೆ ಒಂದು ಇಫ್ ಸೇರುತ್ತದೆ, ನಾಡಿದ್ದು ಇನ್ನೊಂದು. ಸಾಧನಗಳು ಬದಲಾದ ಹಾಗೆಲ್ಲ, ಪಾಪ, ಏನೂ ತಪ್ಪು ಮಾಡದ ಕಾಪಿ ಕೋಡನ್ನು ಬಿಚ್ಚಬೇಕು. ಅದರ ಬದಲು "ನನಗೆ ಓದಿ ಕೊಡುವವರು ಒಬ್ಬರು ಬೇಕು, ಬರೆದುಕೊಳ್ಳುವವರು ಒಬ್ಬರು ಬೇಕು" ಅಂತ ಕಾಪಿಯೇ ಹೇಳಲಿ, ಕೀಬೋರ್ಡು ಪ್ರಿಂಟರು ಬಂದು ಅದಕ್ಕೆ ಹೊಂದಿಕೊಳ್ಳಲಿ. ಇದೇ ತಲೆಕೆಳಗಾಗೋದು.

ಆಗ ಇದು ಬರೀ ಚಂದಕ್ಕೆ ಆಗಿರಲಿಲ್ಲ. ಸಿ++ನಲ್ಲಿ ಹೆಡರ್ ಫೈಲ್ ಮುಟ್ಟಿದರೆ ಅದನ್ನು ಇನ್‌ಕ್ಲೂಡ್ ಮಾಡಿದ ಅಷ್ಟೂ ಫೈಲ್ ಮತ್ತೆ ಕಂಪೈಲ್ ಆಗಬೇಕು. ನಾನು ಒಂದು ಲಾಗಿಂಗ್ ಹೆಡರಿನಲ್ಲಿ ಒಂದು ಪ್ರೈವೇಟ್ ವೇರಿಯಬಲ್ ಸೇರಿಸಿದ ದಿನ ಇಡೀ ಟೀಮು 40 ನಿಮಿಷ ಸುಮ್ನೆ ಕೂತಿತ್ತು. ಪ್ರೈವೇಟ್! ಯಾರಿಗೂ ಕಾಣದ ವೇರಿಯಬಲ್ಲು.

ಸರಳರೇಖೆ · 11:05

ಹಳೇಹೆಡರ್ ಸರ್ ಹೇಳಿದ್ದರಲ್ಲಿ ಮುಖ್ಯವಾದ ಮಾತು "ಕಾಪಿಯೇ ಹೇಳಲಿ" ಅನ್ನೋದು. ಜನ ಅದನ್ನೇ ಹಾರಿಸಿಬಿಡುತ್ತಾರೆ. ಇಂಟರ್‌ಫೇಸ್ ಇದೆಯಾ ಇಲ್ವಾ ಅನ್ನೋದು ಪ್ರಶ್ನೆಯೇ ಅಲ್ಲ. ಅದು ಯಾರದ್ದು ಅನ್ನೋದು ಪ್ರಶ್ನೆ. ಬಳಸುವವರದ್ದಾ, ಮಾಡಿಕೊಡುವವರದ್ದಾ?

ಅರ್ಧವಿರಾಮ, ಒಂದು ಪರೀಕ್ಷೆ ಮಾಡಿ ನೋಡಿ. ಡೇಟಾಬೇಸ್, ಎಸ್‌ಎಂಎಸ್, ಇಮೇಲ್ ಕೋಡ್ ಇರುವ ಪ್ಯಾಕೇಜನ್ನು ನಿಮ್ಮ ಮಷೀನಿನಲ್ಲಿ ಪೂರ್ತಿ ಡಿಲೀಟ್ ಮಾಡಿ. ಬಿಲ್ಲಿಂಗ್ ಪ್ಯಾಕೇಜ್ ಕಂಪೈಲ್ ಆಗುತ್ತಾ? ಆದರೆ ಇನ್ವರ್ಷನ್ ಆಗಿದೆ. ಆಗದಿದ್ದರೆ 41 ಅಲ್ಲ, 410 ಇಂಟರ್‌ಫೇಸ್ ಇದ್ದರೂ ಅಳಿಯ ಅಲ್ಲ ಮಗಳ ಗಂಡ.

ಅರ್ಧವಿರಾಮ · 11:31

ಮಾಡಿ ನೋಡಿದೆ. 63 ಎರರ್. 😐

ನಲ್‌ಪಾಯಿಂಟರ್ · 11:32

ಡಿಲೀಟ್ ಮಾಡಿದ್ದನ್ನು ಪುಶ್ ಮಾಡಿಲ್ಲ ತಾನೇ

ಬೇಕಾದ್ರೆಮಾತ್ರ · 11:50

ಎಲ್ಲರೂ ತತ್ವಜ್ಞಾನಿಗಳಾದಿರಿ. ನಾನು ವಿರೋಧ ಪಕ್ಷ. ಹತ್ತು ವರ್ಷದಲ್ಲಿ ಎಷ್ಟು ಪ್ರಾಜೆಕ್ಟಿನಲ್ಲಿ ಡೇಟಾಬೇಸ್ ಬದಲಾಯಿಸಿದ್ದೀರಿ, ಹೇಳಿ? "ನಾಳೆ ಡೇಟಾಬೇಸ್ ಬದಲಾದರೆ" ಅಂತ ಹೆದರಿಸಿ ಹೆದರಿಸಿ ಜನರ ಕೈಲಿ ಇಂಟರ್‌ಫೇಸ್ ಬರೆಸುತ್ತಾರೆ. ಆ ನಾಳೆ ಬರೋದೇ ಇಲ್ಲ. ಬೇಕಾದಾಗ ಇಂಟರ್‌ಫೇಸ್ ತೆಗೆಯೋದು ಇವತ್ತಿನ ಎಡಿಟರ್‌ಗಳಲ್ಲಿ ಎರಡು ಕ್ಲಿಕ್ಕಿನ ಕೆಲಸ. ಅಲ್ಲಿಯವರೆಗೆ ನೇರವಾಗಿ ಕ್ಲಾಸ್ ಬಳಸಿ, ಆರಾಮಾಗಿರಿ.

ಗುಂಡುಸೂಜಿ · 12:08

@ಬೇಕಾದ್ರೆಮಾತ್ರ ನಾವು ಬದಲಾಯಿಸಿದ್ದೇವೆ! ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ. ಎಲ್ಲ ರೆಪಾಸಿಟರಿಗೂ (ಡೇಟಾಬೇಸಿನಲ್ಲಿ ಓದಿ ಬರೆಯುವ ಕ್ಲಾಸುಗಳಿಗೆ) ಇಂಟರ್‌ಫೇಸ್ ಇತ್ತು, "ಹದಿನೈದು ದಿನದ ಕೆಲಸ" ಅಂತ ಬರೆದುಕೊಟ್ಟೆವು.

ಐದು ತಿಂಗಳು ಹಿಡಿಯಿತು. ಯಾಕೆ ಅಂದರೆ ಇಂಟರ್‌ಫೇಸಿನ ಮೆಥಡ್‌ಗಳೆಲ್ಲ ಎಸ್‌ಕ್ಯೂಎಲ್‌ಎಕ್ಸೆಪ್ಷನ್ ಅನ್ನೋ ಡೇಟಾಬೇಸ್ ಎರರ್ ಎಸೆಯುತ್ತಿದ್ದವು. ಮೇಲಿನ ಕೋಡಿನಲ್ಲಿ ಯಾರೋ ಪುಣ್ಯಾತ್ಮರು ಆ ಎಕ್ಸೆಪ್ಷನ್ ಹಿಡಿದು, ಒಳಗಿನ ಎರರ್ ನಂಬರ್ ನೋಡಿ, "ಓ ಇದು ಡೂಪ್ಲಿಕೇಟ್ ಕೀ" ಅಂತ ತೀರ್ಮಾನ ಮಾಡುತ್ತಿದ್ದರು. ಆ ನಂಬರು ಹೊಸ ಡೇಟಾಬೇಸಿನಲ್ಲಿ ಬೇರೆ. ಜೊತೆಗೆ ಒಂದು ಮೆಥಡ್ ಡೇಟಾಬೇಸಿನದೇ ಆದ ರಿಸಲ್ಟ್‌ಸೆಟ್ಟನ್ನೇ ವಾಪಸ್ ಕೊಡುತ್ತಿತ್ತು. ಇಂಟರ್‌ಫೇಸ್ ಹಾಕಿದ್ದೆವು, ನಿಜ. ಆದರೆ ಅದರ ಮೈತುಂಬಾ ಡೇಟಾಬೇಸೇ ಇತ್ತು.

ಸರಳರೇಖೆ · 12:15

ಇದು ಡಿಐಪಿಯ ಎರಡನೇ ಸಾಲು. ಮೊದಲನೆಯದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಎರಡನೆಯದನ್ನು ಯಾರೂ ನೆನಪಿಟ್ಟುಕೊಳ್ಳಲ್ಲ. ಅಬ್‌ಸ್ಟ್ರಾಕ್ಷನ್ ವಿವರಗಳ ಮೇಲೆ ಅವಲಂಬಿಸಬಾರದು, ವಿವರಗಳೇ ಅಬ್‌ಸ್ಟ್ರಾಕ್ಷನ್ ಮೇಲೆ ಅವಲಂಬಿಸಬೇಕು. ಗುಂಡುಸೂಜಿಯವರ ಇಂಟರ್‌ಫೇಸಿನಲ್ಲಿ ಎಸ್‌ಕ್ಯೂಎಲ್ ಅನ್ನೋ ಪದ ಕಂಡ ಕ್ಷಣವೇ ಆಟ ಮುಗಿದಿತ್ತು.

ಬೇಕಾದ್ರೆಮಾತ್ರ · 12:19

ಅಂದರೆ ಇಂಟರ್‌ಫೇಸ್ ಇದ್ದೂ ಉಪಯೋಗ ಆಗಲಿಲ್ಲ. ನನ್ನ ಮಾತೇ ನಿಜ ಆಯಿತು ಅಲ್ವಾ? 😄

ಗುಂಡುಸೂಜಿ · 12:24

ಅರ್ಧ ನಿಜ. ಸರಿಯಾಗಿ ಬರೆದಿದ್ದ ಮೂರು ರೆಪಾಸಿಟರಿ ಎರಡೇ ದಿನದಲ್ಲಿ ಮುಗಿದವು. ಅದನ್ನು ಹೇಳದಿದ್ದರೆ ಅನ್ಯಾಯ.

ಸ್ಪ್ರಿಂಗ್‌ಬಾಲ · 12:40

ಇಷ್ಟೆಲ್ಲ ಯಾಕೆ? ಸ್ಪ್ರಿಂಗ್ ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಡಿಪೆಂಡೆನ್ಸಿ ಇನ್ವರ್ಷನ್ ತಾನಾಗೇ ಆಗಿಬಿಡುತ್ತದೆ. ಆಟೋವೈರ್ಡ್ ಅಂತ ಗುರುತು ಹಾಕಿದರೆ ಆಯಿತು, ಬೇಕಾದ್ದನ್ನು ಅದೇ ತಂದು ಜೋಡಿಸುತ್ತದೆ.

ಹಳೇಹೆಡರ್ · 12:52

ಆಗಲ್ಲಪ್ಪ. ಅದು ಡಿಪೆಂಡೆನ್ಸಿ ಇಂಜೆಕ್ಷನ್. ಎರಡೂ ಒಂದೇ ಅಕ್ಷರದಿಂದ ಶುರುವಾಗೋದೇ ದೊಡ್ಡ ಕರ್ಮ.

ಇಂಜೆಕ್ಷನ್ ಅಂದರೆ ಕ್ಲಾಸಿಗೆ ಬೇಕಾದ್ದನ್ನು ಅದು ಒಳಗೇ ನ್ಯೂ ಹಾಕಿ ಮಾಡಿಕೊಳ್ಳದೆ ಹೊರಗಿನಿಂದ ಕೊಡೋದು. ಆ ಹೆಸರು ಗಟ್ಟಿಯಾಗಿ ನಿಂತದ್ದು ಮಾರ್ಟಿನ್ ಫೌಲರ್ 2004ರಲ್ಲಿ ಬರೆದ ಲೇಖನದ ಮೇಲೆ. ಇನ್ವರ್ಷನ್ ಅಂದರೆ ಸೋರ್ಸ್ ಕೋಡಿನಲ್ಲಿ ಬಾಣ ಯಾವ ಕಡೆ ತಿರುಗಿದೆ ಅನ್ನೋದು. ನೀನು ಮೈಎಸ್‌ಕ್ಯೂಎಲ್‌ಇನ್‌ವಾಯ್ಸ್‌ಸ್ಟೋರ್ ಅನ್ನೋ ಕಾಂಕ್ರೀಟ್ (ಒಳಗಿನ ಕೋಡೂ ಇರುವ) ಕ್ಲಾಸನ್ನೇ ಕನ್‌ಸ್ಟ್ರಕ್ಟರಿನಲ್ಲಿ ಇಂಜೆಕ್ಟ್ ಮಾಡಿದರೆ ಇಂಜೆಕ್ಷನ್ ಇದೆ, ಇನ್ವರ್ಷನ್ ಇಲ್ಲ. ಯಾವ ಫ್ರೇಮ್‌ವರ್ಕೂ ಇಲ್ಲದೆ ಮೇನ್ ಫಂಕ್ಷನ್ನಿನಲ್ಲಿ ಕೈಯಾರೆ ಎಲ್ಲ ಜೋಡಿಸಿದರೂ ಇನ್ವರ್ಷನ್ ಇರಬಹುದು.

ಸ್ಪ್ರಿಂಗ್‌ಬಾಲ · 12:58

ಇಂಟರ್‌ವ್ಯೂನಲ್ಲಿ ಎರಡೂ ಒಂದೇ ಅಂತ ಹೇಳಿದ್ದೆ. ಪಾಸೂ ಆದೆ.

ನಲ್‌ಪಾಯಿಂಟರ್ · 12:59

ಕೇಳಿದವರಿಗೂ ಗೊತ್ತಿರಲಿಲ್ಲ ಬಿಡಿ

ಮೌನಿ · ಮಧ್ಯಾಹ್ನ 1:22

ಈ "ಪ್ರತಿ ಕ್ಲಾಸಿಗೂ ಇಂಟರ್‌ಫೇಸ್" ಚಾಳಿ ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ಇದಕ್ಕೆ ತತ್ವಕ್ಕಿಂತ ಟೂಲ್‌ಗಳೇ ಜಾಸ್ತಿ ಕಾರಣ ಅಂತ ನನ್ನ ಲೆಕ್ಕ. ಜಾವಾ 1.3ರಲ್ಲಿ ಬಂದ ಡೈನಾಮಿಕ್ ಪ್ರಾಕ್ಸಿ (ಓಡುವಾಗ ನಿಜವಾದ ಆಬ್ಜೆಕ್ಟಿನ ಮುಂದೆ ನಿಲ್ಲುವ ಬದಲಿ) ಇಂಟರ್‌ಫೇಸ್‌ಗೆ ಮಾತ್ರ ಕೆಲಸ ಮಾಡುತ್ತಿತ್ತು. ಟ್ರಾನ್ಸಾಕ್ಷನ್ ಹಾಕಲು ಸ್ಪ್ರಿಂಗ್ ಅದನ್ನೇ ಬಳಸುತ್ತಿತ್ತು. ಟೆಸ್ಟಿಗೆ ನಕಲಿ ಆಬ್ಜೆಕ್ಟ್ ಮಾಡಿಕೊಡುವ ಮೊದಮೊದಲ ಮಾಕ್ ಲೈಬ್ರರಿಗಳಿಗೂ ಇಂಟರ್‌ಫೇಸೇ ಬೇಕಿತ್ತು. ಹಾಗಾಗಿ ಜನ ಬರೆದರು, ತಪ್ಪೇನಿರಲಿಲ್ಲ. ಆಮೇಲೆ ಕ್ಲಾಸುಗಳಿಗೇ ಪ್ರಾಕ್ಸಿ ಮಾಡುವ ದಾರಿ ಬಂತು, 2018ರ ಸ್ಪ್ರಿಂಗ್ ಬೂಟ್ 2.0ದಿಂದ ಅದೇ ಡೀಫಾಲ್ಟ್ ಕೂಡ ಆಯಿತು. ಅಂಥದ್ದೇ ಲೈಬ್ರರಿ ಮಾಕಿಟೋ ಈಗ ಫೈನಲ್ ಕ್ಲಾಸನ್ನೂ ಮಾಕ್ ಮಾಡುತ್ತದೆ. ಕಾರಣ ಹೋಯಿತು, ಅಭ್ಯಾಸ ಉಳಿಯಿತು. ಉಳಿದ ಅಭ್ಯಾಸಕ್ಕೆ ಯಾರೋ ಡಿಐಪಿ ಅಂತ ಹೆಸರಿಟ್ಟರು.

ಅರ್ಧವಿರಾಮ · 1:40

ಮೌನಿ ಅವರೇ, ಇದನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಅಂಟಿಸಿಕೊಳ್ಳುತ್ತೇನೆ.

ಸರಳರೇಖೆ ಅವರು ಹೇಳಿದ "ಯಾರದ್ದು" ಅನ್ನೋದು ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ನಮ್ಮ ಒಂದು ಇಂಟರ್‌ಫೇಸ್ ಹೇಳುತ್ತೇನೆ. ಹೆಸರು ಎಸ್‌ಎಂಎಸ್‌ಗೇಟ್‌ವೇ. ಮೂರು ಮೆಥಡ್: ಸೆಟ್‌ಎಪಿಐಕೀ, ಸೆಂಡ್‌ವಿತ್‌ಟೆಂಪ್ಲೇಟ್‌ಐಡಿ, ಗೆಟ್‌ಲಾಸ್ಟ್‌ರೆಸ್ಪಾನ್ಸ್. ಕೊನೆಯದು ಎಸ್‌ಎಂಎಸ್ ಕಂಪನಿಯ ಲೈಬ್ರರಿಯಲ್ಲಿರುವ ರೆಸ್ಪಾನ್ಸ್ ಕ್ಲಾಸನ್ನೇ ಕೊಡುತ್ತದೆ. ಇನ್‌ವಾಯ್ಸ್‌ಸರ್ವಿಸ್ ಇದನ್ನು ಬಳಸುತ್ತದೆ. ಇದನ್ನು ತಿರುಗಿಸೋದು ಹೇಗೆ?

ಸರಳರೇಖೆ · 2:03

ಒಳ್ಳೇ ಉದಾಹರಣೆ ಕೊಟ್ಟಿರಿ. ಸುಮ್ನೆ ಒಂದು ನಿಮಿಷ ಎಸ್‌ಎಂಎಸ್ ಮರೆತುಬಿಡಿ. ನೀವೇ ಇನ್‌ವಾಯ್ಸ್‌ಸರ್ವಿಸ್ ಅಂದುಕೊಳ್ಳಿ. ಬಿಲ್ ತಯಾರಾಯಿತು. ಈಗ ನಿಮಗೆ ಏನಾಗಬೇಕು? "ಈ ಗ್ರಾಹಕರಿಗೆ ಈ ಬಿಲ್ ತಯಾರಾಗಿದೆ ಅಂತ ಯಾರಾದರೂ ತಿಳಿಸ್ರಪ್ಪ." ಇಷ್ಟೇ. ಎಪಿಐ ಕೀ ನಿಮಗೆ ಯಾಕೆ? ಟೆಂಪ್ಲೇಟ್ ಐಡಿ ನಿಮಗೆ ಯಾಕೆ?

ಹಾಗಾಗಿ ಬಿಲ್ಲಿಂಗ್ ಪ್ಯಾಕೇಜಿನ ಒಳಗೇ ಒಂದು ಇಂಟರ್‌ಫೇಸ್ ಇಡಿ. ಹೆಸರು ಬಿಲ್‌ನೋಟಿಫೈಯರ್ ಅನ್ನಿ. ಒಂದೇ ಮೆಥಡ್, ಬಿಲ್‌ರೆಡಿ. ಅದು ತಗೊಳ್ಳೋದು ಗ್ರಾಹಕ ಮತ್ತು ಬಿಲ್, ಎರಡೂ ನಿಮ್ಮದೇ ಕ್ಲಾಸು. ಎಸ್‌ಎಂಎಸ್ ಪ್ಯಾಕೇಜಿನಲ್ಲಿ ಎಸ್‌ಎಂಎಸ್‌ಬಿಲ್‌ನೋಟಿಫೈಯರ್ ಅನ್ನೋ ಕ್ಲಾಸ್ ಇದನ್ನು ಇಂಪ್ಲಿಮೆಂಟ್ ಮಾಡಲಿ. ಕೀ, ಟೆಂಪ್ಲೇಟ್, ಆ ಕಂಪನಿಯ ರೆಸ್ಪಾನ್ಸು ಎಲ್ಲ ಅದರ ಹೊಟ್ಟೆಯಲ್ಲಿ ಇರಲಿ.

ಈಗ ಇಂಪೋರ್ಟ್ ಸಾಲು ನೋಡಿ. ಮೊದಲು ಬಿಲ್ಲಿಂಗ್ ಫೈಲಿನ ತಲೆಯಲ್ಲಿ ಎಸ್‌ಎಂಎಸ್ ಪ್ಯಾಕೇಜಿನ ಹೆಸರಿತ್ತು. ಈಗ ಎಸ್‌ಎಂಎಸ್ ಫೈಲಿನ ತಲೆಯಲ್ಲಿ ಬಿಲ್ಲಿಂಗ್ ಹೆಸರಿದೆ. ಓಡುವಾಗ ಮೊದಲಿನ ಹಾಗೆ ಬಿಲ್ಲಿಂಗೇ ಎಸ್‌ಎಂಎಸ್ ಅನ್ನು ಕರೆಯುತ್ತದೆ, ಅದು ಬದಲಾಗಿಲ್ಲ. ಬರೆದ ಕೋಡಿನಲ್ಲಿ ಮಾತ್ರ ಬಾಣ ಉಲ್ಟಾ.

ಗೋಪುರ · 2:30

ಗೋ ಭಾಷೆಯಲ್ಲಿ ಇದನ್ನು ಯಾರೂ ಪಾಠ ಮಾಡೋದೇ ಬೇಕಿಲ್ಲ. ಅಲ್ಲಿ ಟೈಪ್ ತಾನು ಯಾವ ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡುತ್ತಿದ್ದೇನೆ ಅಂತ ಹೇಳಬೇಕಾಗಿಲ್ಲ, ಮೆಥಡ್ ಹೊಂದಿದರೆ ಸಾಕು. ಹಾಗಾಗಿ ಬಳಸುವವರೇ ತಮಗೆ ಬೇಕಾದಷ್ಟು ಚಿಕ್ಕ ಇಂಟರ್‌ಫೇಸ್ ತಮ್ಮ ಪ್ಯಾಕೇಜಿನಲ್ಲಿ ಬರೆದುಕೊಳ್ಳುತ್ತಾರೆ. ಐಒ ರೀಡರಿನಲ್ಲಿ ಇರೋದು ಒಂದೇ ಮೆಥಡ್.

ಹಾವಾಡಿಗ · 2:37

ಪೈಥಾನ್‌ನಲ್ಲೂ ಅಷ್ಟೇ. 3.8ರಿಂದ ಪ್ರೋಟೋಕಾಲ್ ಇದೆ, ಟೈಪ್ ಚೆಕ್ಕರ್ ನೋಡಿಕೊಳ್ಳುತ್ತದೆ. ಅದಕ್ಕೂ ಮುಂಚೆ ನಾವು ದೇವರ ಮೇಲೆ ಭಾರ ಹಾಕುತ್ತಿದ್ದೆವು.

ಹಳೇಹೆಡರ್ · 2:55

ಹೊಸ ಭಾಷೆಗಳ ಜಂಭ ಸಾಕು. ಸಿ ಭಾಷೆಯ ಕ್ಯೂಸಾರ್ಟ್ ನೋಡಿ. ಯಾವ ಅರೇ ಕೊಟ್ಟರೂ ಜೋಡಿಸುತ್ತದೆ. ನಿಮ್ಮ ಸ್ಟ್ರಕ್ಟಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. "ಇಬ್ಬರಲ್ಲಿ ಯಾರು ಮೊದಲು ಅಂತ ಹೇಳುವ ಒಂದು ಫಂಕ್ಷನ್ ಕೊಡಿ" ಅಂತ ಕೇಳುತ್ತದೆ, ಆ ಫಂಕ್ಷನ್ ಹೇಗಿರಬೇಕು ಅಂತ ತೀರ್ಮಾನಿಸೋದೂ ಅದೇ. ಯುನಿಕ್ಸಿನಲ್ಲಿ ಫೈಲೇ ಇರಲಿ, ಟರ್ಮಿನಲ್ಲೇ ಇರಲಿ, ಪೈಪೇ ಇರಲಿ, ರೀಡ್ ರೈಟ್ ಒಂದೇ ಥರ. ಲಿನಕ್ಸ್ ಕರ್ನಲ್ಲಿನಲ್ಲಿ ಪ್ರತಿ ಡ್ರೈವರೂ ಫಂಕ್ಷನ್ ಪಾಯಿಂಟರ್‌ಗಳ ಒಂದು ಸ್ಟ್ರಕ್ಟ್ ತುಂಬಿ ಕೊಡುತ್ತದೆ. ಕ್ಲಾಸೂ ಇಲ್ಲ, ಇಂಟರ್‌ಫೇಸ್ ಅನ್ನೋ ಕೀವರ್ಡೂ ಇಲ್ಲ, ಇನ್ವರ್ಷನ್ ಇದೆ.

ಪದಶೋಧ · 3:10

ವಿಷಯ ಬಿಟ್ಟು ಒಂದು ಮಾತು. ಇದಕ್ಕೆ ಕನ್ನಡದಲ್ಲಿ ಏನನ್ನಬಹುದು? "ಅವಲಂಬನಾ ವಿಪರ್ಯಯ ತತ್ವ"?

ನಲ್‌ಪಾಯಿಂಟರ್ · 3:11

ಜಾತಕದಲ್ಲಿ ದೋಷ ಇದೆ ಅಂದ ಹಾಗಿದೆ

ಗುಂಡುಸೂಜಿ · 3:14

"ನಂಟು ತಿರುಗಿಸೋದು" ಅಂದರೆ ಸಾಲದಾ?

ಪದಶೋಧ · 3:20

ನಂಟು ಅಂದರೆ ಎರಡೂ ಕಡೆಯದು. ಇಲ್ಲಿ ಒಬ್ಬರು ಇನ್ನೊಬ್ಬರನ್ನು ನೆಚ್ಚಿಕೊಂಡಿರೋದು. "ನೆಚ್ಚಿಕೆ ತಿರುವು" ಅನ್ನಬಹುದೇನೋ. ಇರಲಿ, ಮುಂದುವರಿಸಿ.

ವೇಗದೂತ · 3:41

ಯಾರೂ ಪರ್ಫಾರ್ಮೆನ್ಸ್ ಬಗ್ಗೆ ಮಾತಾಡ್ತಿಲ್ಲ. ಪ್ರತಿ ಕರೆಯೂ ಇಂಟರ್‌ಫೇಸ್ ಮೂಲಕ ಹೋದರೆ ನಿಧಾನ ಆಗಲ್ವಾ?

ಮೌನಿ · 3:58

ಒಂದೇ ಇಂಪ್ಲಿಮೆಂಟೇಷನ್ ಇದ್ದರೆ ಜಾವಾ ಕೋಡ್ ಓಡಿಸುವ ಹಾಟ್‌ಸ್ಪಾಟ್ ಅದನ್ನು ಕಂಡುಹಿಡಿದು ನೇರ ಕರೆ ಮಾಡಿಬಿಡುತ್ತದೆ, ಎಷ್ಟೋ ಸಲ ಇನ್‌ಲೈನ್ (ಕರೆಯುವ ಜಾಗದಲ್ಲೇ ಕೋಡ್ ಸೇರಿಸೋದು) ಕೂಡ. ನಿಮ್ಮ ಎಸ್‌ಎಂಎಸ್ ನೆಟ್‌ವರ್ಕಿನಲ್ಲಿ ಕಾಯುವ ಹೊತ್ತಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಗೇಮ್ ಎಂಜಿನ್ನಿನ ಒಳಗಿನ ಲೂಪು ಬರೆಯುತ್ತಿದ್ದರೆ ಮಾತ್ರ ಯೋಚಿಸಿ.

ಬೇಕಾದ್ರೆಮಾತ್ರ · 4:15

ಸರಿ, ಒಪ್ಪುತ್ತೇನೆ, ಎಸ್‌ಎಂಎಸ್ ಉದಾಹರಣೆ ಚೆನ್ನಾಗಿದೆ. ಆದರೆ ಎಲ್ಲಿ ನಿಲ್ಲಿಸಬೇಕು? ಸ್ಟ್ರಿಂಗ್ ಕೂಡ ಕಾಂಕ್ರೀಟ್ ಕ್ಲಾಸೇ. ಅದಕ್ಕೂ ಇಂಟರ್‌ಫೇಸ್ ಹಾಕ್ತೀರಾ?

ಸರಳರೇಖೆ · 4:26

ಹಾಕಲ್ಲ. ಸ್ಟ್ರಿಂಗ್ ನಾಳೆ ಬೆಳಿಗ್ಗೆ ಬದಲಾಗಲ್ಲ. ಪದೇ ಪದೇ ಬದಲಾಗುವುದು, ಹೊರಗಿನವರ ಕೈಯಲ್ಲಿ ಇರುವುದು, ಟೆಸ್ಟಿನಲ್ಲಿ ಹಿಡಿತಕ್ಕೆ ಸಿಗದೆ ಇರುವುದು, ಇವುಗಳಿಗೆ ಮಾತ್ರ ಹಾಕುತ್ತೇನೆ. ಅರ್ಧವಿರಾಮ ಅವರ ತೆರಿಗೆ ಕ್ಲಾಸಿಗೆ ಹಾಕಲ್ಲ. ಅದು ಬರೀ ಲೆಕ್ಕ, ಅದರಲ್ಲೂ ಅದು ಬಿಲ್ಲಿಂಗಿನ ಸ್ವಂತ ಬುದ್ಧಿ. ಅದೇ ಮೇಲಿನ ಹಂತ! ಅದನ್ನು ಯಾರಿಂದ ಕಾಪಾಡಬೇಕು?

ಗಡಿಯಾರ · 4:50

ಹಿಡಿತಕ್ಕೆ ಸಿಗದ್ದು ಅಂದಾಗ ನೆನಪಾಯಿತು. ಸಮಯ. ನಮ್ಮದೊಂದು ಟೆಸ್ಟ್ ಇತ್ತು. ತಿಂಗಳಿಡೀ ಪಾಸ್, 31ನೇ ತಾರೀಕು ಫೇಲ್. ಒಂದನೇ ತಾರೀಕು ಯಾರಾದರೂ ನೋಡೋಣ ಅಂದರೆ ಮತ್ತೆ ಪಾಸ್. ಏಳು ತಿಂಗಳು "ಬಿಲ್ಡ್ ಸರ್ವರಿಗೆ ಹುಷಾರಿಲ್ಲ" ಅಂತ ರೀರನ್ ಮಾಡುತ್ತಿದ್ದೆವು. ಕೊನೆಗೆ ನೋಡಿದರೆ ಕೋಡಿನ ಒಳಗೆ ನೇರವಾಗಿ ಲೋಕಲ್‌ಡೇಟ್ ನೌ ಅಂತ ಕರೆದು, ಅದರ ತಿಂಗಳಿಗೆ ಒಂದು ಸೇರಿಸಿ, ದಿನ ಹಾಗೇ ಇಟ್ಟು ಹೊಸ ತಾರೀಕು ಕಟ್ಟಿದ್ದರು. ಜೂನ್ 31 ಅಂತ ದಿನ ಎಲ್ಲಿದೆ? ಟೆಸ್ಟ್ ಅಲ್ಲ, ಕೋಡೇ ತಪ್ಪಿತ್ತು.

ಜಾವಾ 8ರಲ್ಲಿ, ಅಂದರೆ 2014ರಿಂದಲೇ, ಕ್ಲಾಕ್ ಅನ್ನೋ ಅಬ್‌ಸ್ಟ್ರಾಕ್ಟ್ ಕ್ಲಾಸ್ ಇದೆ. ಅದನ್ನು ಕನ್‌ಸ್ಟ್ರಕ್ಟರಿನಲ್ಲಿ ತಗೊಂಡರೆ ಟೆಸ್ಟಿನಲ್ಲಿ ಕ್ಲಾಕ್ ಫಿಕ್ಸ್ಡ್ ಕೊಟ್ಟು ಯಾವ ದಿನ ಬೇಕಾದರೂ ನಿಲ್ಲಿಸಬಹುದು. ಡಾಟ್‌ನೆಟ್‌ನವರಿಗೆ ಟೈಮ್‌ಪ್ರೊವೈಡರ್ ಬಂದದ್ದು 2023ರಲ್ಲಿ, ಡಾಟ್‌ನೆಟ್ 8ರ ಜೊತೆ.

ವೇಗದೂತ · 4:55

ಏಳು ತಿಂಗಳಾ 😂

ಗಡಿಯಾರ · 4:57

31 ಇರುವ ತಿಂಗಳು ಅಷ್ಟೊಂದು ಇಲ್ಲ ಸ್ವಾಮಿ. ಅದರಲ್ಲೂ ಎರಡು ಸಲ ಭಾನುವಾರ ಬಂತು.

ಸ್ಪ್ರಿಂಗ್‌ಬಾಲ · 5:20

ಒಂದು ಗಂಭೀರ ಪ್ರಶ್ನೆ, ನಗಬೇಡಿ. ನಮ್ಮಲ್ಲಿ ಆರ್ಡರ್ ಮಾಡ್ಯೂಲ್ ಪೇಮೆಂಟನ್ನು ಇಂಪೋರ್ಟ್ ಮಾಡುತ್ತದೆ. ಪೇಮೆಂಟ್ ಮುಗಿದಾಗ ಆರ್ಡರ್ ಸ್ಟೇಟಸ್ ಬದಲಾಯಿಸಬೇಕು, ಹಾಗಾಗಿ ಪೇಮೆಂಟ್ ಆರ್ಡರನ್ನು ಇಂಪೋರ್ಟ್ ಮಾಡುತ್ತದೆ. ಎರಡನ್ನೂ ಬೇರೆ ಬೇರೆ ಮಾಡ್ಯೂಲಾಗಿ ಒಡೆಯಲು ಹೋದರೆ ಬಿಲ್ಡೇ ಆಗ್ತಿಲ್ಲ, ಸುತ್ತು ಬಿದ್ದಿದೆ ಅಂತ ಬೈಯುತ್ತದೆ. ಇದಕ್ಕೂ ಇದು ಮದ್ದಾ?

ಗುಂಡುಸೂಜಿ · 5:38

ಇದಕ್ಕೇ ಇದು ಮದ್ದು. ಪೇಮೆಂಟ್ ತನ್ನ ಒಳಗೇ "ಹಣ ಬಂದಾಗ ಯಾರಿಗೆ ಹೇಳಲಿ" ಅಂತ ಒಂದು ಇಂಟರ್‌ಫೇಸ್ ಇಟ್ಟುಕೊಳ್ಳಲಿ, ಪೇಮೆಂಟ್‌ಲಿಸನರ್ ಅಂತ. ಆರ್ಡರ್ ಮಾಡ್ಯೂಲ್ ಅದನ್ನು ಇಂಪ್ಲಿಮೆಂಟ್ ಮಾಡಲಿ. ಪೇಮೆಂಟಿನಿಂದ ಆರ್ಡರಿಗೆ ಇದ್ದ ಇಂಪೋರ್ಟ್ ಹೋಗುತ್ತದೆ, ಸುತ್ತು ಬಿಚ್ಚುತ್ತದೆ. ಪೇಮೆಂಟಿಗೆ ಆರ್ಡರ್ ಅನ್ನೋದು ಒಂದಿದೆ ಅಂತಲೂ ಗೊತ್ತಿರಲ್ಲ.

ಸ್ಪ್ರಿಂಗ್‌ಬಾಲ · 6:45

ಆಯಿತು!! ಬಿಲ್ಡ್ ಹಸಿರು. ಮೂರು ದಿನದಿಂದ ಒದ್ದಾಡ್ತಿದ್ದೆ. ಗುಂಡುಸೂಜಿ ಅಕ್ಕಾ ದೊಡ್ಡ ನಮಸ್ಕಾರ.

ಗುಂಡುಸೂಜಿ · 6:47

ಅಣ್ಣ. ಇರಲಿ ಪರವಾಗಿಲ್ಲ.

ಅರ್ಧವಿರಾಮ · ಶುಕ್ರವಾರ, ಸಂಜೆ 5:30

ಏನಾಯಿತು ಅಂತ ಹೇಳೋಣ ಅಂತ ಬಂದೆ. ಲೀಡ್ ಜೊತೆ ಕೂತು ಮಾತಾಡಿದೆ. ತತ್ವ ಗಿತ್ವ ಏನೂ ಎತ್ತಲಿಲ್ಲ. ಅವರ ಮುಂದೆಯೇ ಎಸ್‌ಎಂಎಸ್ ಪ್ಯಾಕೇಜ್ ಡಿಲೀಟ್ ಮಾಡಿ ಬಿಲ್ಲಿಂಗ್ ಕಂಪೈಲ್ ಮಾಡಿದೆ, ಅಷ್ಟೇ. ಕೆಂಪು ಸಾಲುಗಳನ್ನು ಸ್ವಲ್ಪ ಹೊತ್ತು ನೋಡಿದರು. "ಇಷ್ಟೆಲ್ಲ ಇಂಟರ್‌ಫೇಸ್ ಇದ್ದೂ ಯಾಕೆ ಹೀಗೆ?" ಅಂತ ಅವರೇ ಕೇಳಿದರು. ಆಮೇಲೆ ಮಾತು ಸುಲಭ ಆಯಿತು.

ಬಿಲ್‌ನೋಟಿಫೈಯರ್ ಒಳಗೆ ಹೋಯಿತು, ಎಸ್‌ಎಂಎಸ್‌ಗೇಟ್‌ವೇ ಹೊರಗೆ ಹೋಯಿತು. ಬಿಲ್ಲಿಂಗ್ ಟೆಸ್ಟುಗಳು ಈಗ ನೆಟ್‌ವರ್ಕ್ ಇಲ್ಲದೆ ಓಡುತ್ತವೆ. 41 ಇಂಟರ್‌ಫೇಸಿನಲ್ಲಿ 26 ತೆಗೆದೆವು, ಆರನ್ನು ಬಳಸುವವರ ಪ್ಯಾಕೇಜಿಗೆ ಸಾಗಿಸಿದೆವು. ಉಳಿದದ್ದು ಮುಂದಿನ ಸ್ಪ್ರಿಂಟಿಗೆ. ತೆರಿಗೆ ಕ್ಲಾಸ್ ಮಾತ್ರ ಇನ್ನೂ ರಿವ್ಯೂನಲ್ಲೇ ಇದೆ. ಈಗ ಅದರ ಹೆಸರು ಸರಿ ಇಲ್ಲವಂತೆ.

ನಲ್‌ಪಾಯಿಂಟರ್ · 5:33

ಇಂಪ್ಲ್ ಅಂತ ಸೇರಿಸಿ, ಪಾಸಾಗುತ್ತದೆ